ಓಡುವ ಗಡಿಯಾರಕ್ಕೂ ಆರೈಕೆ ಬೇಕೆ?



ಗಡಿಯಾರ ನಿಂತರೆ ರಿಪೇರಿಗೆ ಕೊಡುತ್ತೇವೆ, ಓಡುತ್ತಿದ್ದರೆ ಸುಮ್ಮನಿರುತ್ತೇವೆ. ನಮ್ಮ ಮನೆಗಳಲ್ಲಿ ನಡೆದು ಬಂದಿರುವ ರೂಢಿ ಇದು. ಕೀ ಕೊಟ್ಟು ಓಡಿಸುವ ಗಡಿಯಾರದ ವಿಷಯದಲ್ಲಿ ಈ ರೂಢಿ ಸರಿಯಲ್ಲ. ಹಳೆಯ 'ಕ್ರೋನೊಗ್ರಾಫ್' ಗಡಿಯಾರವಾದರಂತೂ ಇದರಿಂದ ಆಗುವ ನಷ್ಟವನ್ನು ಎಷ್ಟೋ ವೇಳೆ ತುಂಬಿಕೊಡಲು ಸಾಧ್ಯವೇ ಆಗುವುದಿಲ್ಲ. ಚೆನ್ನಾಗಿ ಓಡುತ್ತಿರುವಂತೆ ಕಾಣುವ ಗಡಿಯಾರ ಒಳಗೊಳಗೇ ತನ್ನನ್ನು ತಾನು ಸವೆಸಿಕೊಳ್ಳುತ್ತಿರಬಹುದು. ಅದು ಹೇಗೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಈಗ ನೋಡೋಣ.

ಕಾಲವನ್ನು ಬರೆಯುವ ಯಂತ್ರ

ಸಾಮಾನ್ಯ ಗಡಿಯಾರಕ್ಕೆ ಸ್ಟಾಪ್‌ವಾಚನ್ನೂ ಸೇರಿಸಿದರೆ ಅದು ಕ್ರೋನೊಗ್ರಾಫ್. ಡಯಲಿನ ನಡುವೆ ಉದ್ದನೆಯ ಸೆಕೆಂಡ್ ಮುಳ್ಳು, ಒಳಗೆ ಎರಡು ಮೂರು ಪುಟ್ಟ ಡಯಲುಗಳು, ಕೀಯ ಮೇಲೊಂದು ಕೆಳಗೊಂದು ಗುಂಡಿ – ಇದು ಅದರ ಹೊರ ಲಕ್ಷಣ. ಮೇಲಿನ ಗುಂಡಿ ಒತ್ತಿದರೆ ನಡುವಿನ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಸೊನ್ನೆಗೆ ಮರಳುತ್ತದೆ. ಅಷ್ಟೂ ಹೊತ್ತು ಗಂಟೆ ನಿಮಿಷಗಳ ಮುಳ್ಳುಗಳು ತಮ್ಮ ಪಾಡಿಗೆ ತಾವು ನಡೆಯುತ್ತಿರುತ್ತವೆ.

ಗ್ರೀಕ್ ಭಾಷೆಯಲ್ಲಿ 'ಕ್ರೋನೊಸ್' ಎಂದರೆ ಕಾಲ, 'ಗ್ರಾಫೀನ್' ಎಂದರೆ ಬರೆ. ಹೆಸರು ಬಂದದ್ದು ಸುಮ್ಮನಲ್ಲ. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ನಿಕೊಲಾ ರ್ಯೂಸೆಕ್ ಎಂಬಾತ ಬಳಸಿದ ಉಪಕರಣ ನಿಜವಾಗಿಯೂ 'ಬರೆಯುತ್ತಿತ್ತು'. ಕುದುರೆ ಗುರಿ ಮುಟ್ಟಿದ ಕ್ಷಣದಲ್ಲಿ ಗುಂಡಿ ಒತ್ತಿದರೆ ತಿರುಗುವ ಡಯಲಿನ ಮೇಲೆ ಒಂದು ಹನಿ ಮಸಿ ಬೀಳುತ್ತಿತ್ತು! ಅದಕ್ಕೂ ಮೊದಲು, 1816ರಲ್ಲಿ, ಲೂಯಿ ಮೊಯ್ನೆ ಎಂಬ ಫ್ರೆಂಚ್ ಕುಶಲಿ ಖಗೋಳ ವೀಕ್ಷಣೆಗಾಗಿ ಇಂಥದೇ ಒಂದು ಸಾಧನವನ್ನು ಪೂರೈಸಿದ್ದ. ಈ ಸಂಗತಿ ಜಗತ್ತಿಗೆ ತಿಳಿದದ್ದು 2013ರಲ್ಲಿ.

ಮೊಬೈಲ್ ಫೋನಿನಲ್ಲೇ ಸ್ಟಾಪ್‌ವಾಚ್ ಇರುವ ಈ ದಿನಗಳಲ್ಲಿ ಇದರ ಬೆಲೆ ಏನೆಂದು ನೀವು ಕೇಳಬಹುದು. 1970ರ ಏಪ್ರಿಲಿನಲ್ಲಿ ಚಂದ್ರನತ್ತ ಹೊರಟ ಅಪೊಲೊ-13 ನೌಕೆಯ ಆಮ್ಲಜನಕದ ತೊಟ್ಟಿ ಸ್ಫೋಟಿಸಿತು. ವಿದ್ಯುತ್ ಉಳಿಸಲು ಯಾತ್ರಿಗಳು ಉಪಕರಣಗಳನ್ನು ಒಂದೊಂದಾಗಿ ಆರಿಸಬೇಕಾಯಿತು. ಭೂಮಿಗೆ ಮರಳುವ ದಾರಿಯನ್ನು ತಿದ್ದಲು ಎಂಜಿನ್ನನ್ನು 14 ಸೆಕೆಂಡು ಮಾತ್ರ ಉರಿಸಬೇಕಿತ್ತು. ಆ 14 ಸೆಕೆಂಡುಗಳನ್ನು ಜಾಕ್ ಸ್ವಿಗರ್ಟ್ ಅಳೆದದ್ದು ತಮ್ಮ ಕೈಗಡಿಯಾರದಲ್ಲಿ. ಅದು ಕೀ ಕೊಡುವ ಒಮೆಗಾ ಸ್ಪೀಡ್‌ಮಾಸ್ಟರ್ ಕ್ರೋನೊಗ್ರಾಫ್. ಅಂಥ ಒಂದು ಗಡಿಯಾರವನ್ನೇ ನಮ್ಮ ಪಾಠಕ್ಕೆ ಇಟ್ಟುಕೊಳ್ಳೋಣ.

ಮುಚ್ಚಳ ತೆಗೆದರೆ

1957ರಲ್ಲಿ ಮಾರುಕಟ್ಟೆಗೆ ಬಂದ ಸ್ಪೀಡ್‌ಮಾಸ್ಟರಿನಲ್ಲಿ ಇದ್ದದ್ದು 'ಕ್ಯಾಲಿಬರ್ 321' ಎಂಬ ಯಂತ್ರ. ವ್ಯಾಸ ಕೇವಲ 27 ಮಿಲಿಮೀಟರು. ಇದರೊಳಗೆ ಎರಡು ಅಂತಸ್ತುಗಳಿವೆ ಎಂದುಕೊಳ್ಳಿ.

ಕೆಳ ಅಂತಸ್ತಿನಲ್ಲಿರುವುದು ಸಾಮಾನ್ಯ ಗಡಿಯಾರ. ನೀವು ಕೀ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಎಸ್ಕೇಪ್ ಚಕ್ರವನ್ನು ತಲುಪುತ್ತದೆ. ಅಲ್ಲಿ ಪ್ಯಾಲೆಟ್ ಎಂಬ ಕವಲು ಆ ಚಕ್ರವನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. 'ಟಿಕ್ ಟಿಕ್' ಸದ್ದು ಹುಟ್ಟುವುದು ಇಲ್ಲಿಯೇ. ಈ ಕವಲಿಗೆ ತಾಳ ಹಾಕಿಕೊಡುವುದು ಬ್ಯಾಲೆನ್ಸ್ ಚಕ್ರ ಮತ್ತು ಅದರ ಹೇರ್‌ಸ್ಪ್ರಿಂಗ್. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ನಮ್ಮ ಟೆಲಿವಿಷನ್ ಚಿತ್ರ ಸೆಕೆಂಡಿಗೆ 25 ಫ್ರೇಮುಗಳಲ್ಲಿ ಸಾಗುತ್ತದೆ. ಇಂಥ ಗಡಿಯಾರವನ್ನು ಚಿತ್ರೀಕರಿಸಿದರೆ ಒಂದು ಬಡಿತಕ್ಕೆ ಸರಿಯಾಗಿ ಐದು ಫ್ರೇಮುಗಳು ಸಿಗುತ್ತವೆ.

ಮೇಲಂತಸ್ತಿನಲ್ಲಿರುವುದು ಸ್ಟಾಪ್‌ವಾಚಿನ ಭಾಗ. ನಿಮಿಷಕ್ಕೊಂದು ಸುತ್ತು ಬರುವ ಚಕ್ರವೊಂದು ಕೆಳಗಿದೆಯಲ್ಲ, ಅದರ ಅಕ್ಷಕ್ಕೇ ಇನ್ನೊಂದು ಚಕ್ರವನ್ನು ಜೋಡಿಸಿರುತ್ತಾರೆ. ಗುಂಡಿ ಒತ್ತಿದಾಗ ಸನ್ನೆಯ ತುದಿಯಲ್ಲಿರುವ ನಡುಚಕ್ರವೊಂದು ಸರಿದು ಬಂದು, ಇದರ ಚಲನೆಯನ್ನು ಡಯಲಿನ ನಡುವಿನ ಮುಳ್ಳಿಗೆ ಮುಟ್ಟಿಸುತ್ತದೆ. ಯಾವ ಸನ್ನೆ ಯಾವಾಗ ಏಳಬೇಕು, ಯಾವಾಗ ಬೀಳಬೇಕು ಎಂಬುದನ್ನು ನಿರ್ಧರಿಸುವುದು ಕೋಟೆಯ ಬುರುಜಿನಂತೆ ಕಾಣುವ, ಸುತ್ತ ಕಂಬಗಳಿರುವ ಒಂದು ಪುಟ್ಟ ಚಕ್ರ. ಇದನ್ನು 'ಕಾಲಮ್ ವೀಲ್' ಎನ್ನುತ್ತಾರೆ.

ಇನ್ನು ಮುಳ್ಳು ಎಲ್ಲಿದ್ದರೂ ಸೊನ್ನೆಗೇ ಮರಳುವುದು ಹೇಗೆ? ಮುಳ್ಳಿನ ಅಕ್ಷಕ್ಕೆ ಹೃದಯದ ಆಕಾರದ ಒಂದು ತಗಡನ್ನು ಕೂರಿಸಿರುತ್ತಾರೆ. ಅಡಾಲ್ಫ್ ನಿಕೋಲ್ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹೃದಯದ ಎರಡು ಉಬ್ಬುಗಳ ನಡುವಿನ ತಗ್ಗು ಅಕ್ಷಕ್ಕೆ ಅತಿ ಹತ್ತಿರ, ಚೂಪು ತುದಿ ಅತಿ ದೂರ. ಸುತ್ತಿಗೆಯಂಥ ಸನ್ನೆಯೊಂದು ಬಂದು ಅಂಚನ್ನು ಒತ್ತಿದಾಗ ತಗಡು ಎಡಕ್ಕೋ ಬಲಕ್ಕೋ ಜಾರಿ ತಗ್ಗನ್ನೇ ಸುತ್ತಿಗೆಗೆ ಒಡ್ಡುತ್ತದೆ. ರಟ್ಟಿನಲ್ಲಿ ಇಂಥ ಆಕಾರ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಂಚಿಗೆ ಸ್ಕೇಲಿನಿಂದ ಒತ್ತಿ ನೋಡಿ. ಎಂಥ ಸರಳ ರೇಖಾಗಣಿತ!

ಒಂದು ಹನಿ ಎಣ್ಣೆಯ ಲೆಕ್ಕ

ಸೆಕೆಂಡಿಗೆ 5 ಬಡಿತವೆಂದರೆ ದಿನಕ್ಕೆ 4,32,000. ವರ್ಷಕ್ಕೆ 15 ಕೋಟಿ 76 ಲಕ್ಷಕ್ಕೂ ಹೆಚ್ಚು. ಇಷ್ಟು ಸಲ ಓಲಾಡುವ ಬ್ಯಾಲೆನ್ಸ್ ಚಕ್ರದ ಅಕ್ಷದ ತುದಿ ತಲೆಗೂದಲಿನ ದಪ್ಪದ ಆಸುಪಾಸಿನದು. ಅದು ತಿರುಗುವುದು ಕೃತಕ ಮಾಣಿಕ್ಯದಲ್ಲಿ ಕೊರೆದ ರಂಧ್ರದಲ್ಲಿ. ಹಳೆಯ ಗಡಿಯಾರದ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದು ಇಂಥ ಕಲ್ಲುಗಳ ಸಂಖ್ಯೆಯನ್ನೇ. ಅವು ಅಲಂಕಾರಕ್ಕಲ್ಲ. ಗಟ್ಟಿಯಾದ ನುಣುಪು ಕಲ್ಲಿನಲ್ಲಿ ಘರ್ಷಣೆಯೂ ಕಡಿಮೆ, ಸವೆತವೂ ಕಡಿಮೆ.

ಆದರೂ ಎಣ್ಣೆ ಬೇಕೇ ಬೇಕು. ಕಲ್ಲಿನ ರಂಧ್ರದ ಸುತ್ತ ಬಟ್ಟಲಿನಂಥ ತಗ್ಗು ಇರುತ್ತದೆ. ಅಲ್ಲಿಟ್ಟ ಎಣ್ಣೆಯ ಕಣವನ್ನು ಮೇಲ್ಮೈ ಎಳೆತವೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಕಾಲದಲ್ಲಿ ಡಾಲ್ಫಿನ್‌ಗೆ ಹತ್ತಿರದ ಕಡಲ ಪ್ರಾಣಿಗಳ ದವಡೆಯಿಂದ ತೆಗೆದ ಎಣ್ಣೆಯನ್ನು ಗಡಿಯಾರಗಳಿಗೆ ಬಳಸುತ್ತಿದ್ದರು. ಈಗಿನವು ಕೃತಕ ಎಣ್ಣೆಗಳು, ಹೆಚ್ಚು ಬಾಳುತ್ತವೆ. ಆದರೆ ಯಾವ ಎಣ್ಣೆಯೂ ಶಾಶ್ವತವಲ್ಲ. ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಹರಡಿಹೋಗುತ್ತದೆ, ಉಳಿದದ್ದು ಗಾಳಿಯೊಂದಿಗೆ ವರ್ತಿಸಿ ಅಂಟಾಗುತ್ತದೆ. ಅದಕ್ಕೆ ಧೂಳೂ ಲೋಹದ ಸೂಕ್ಷ್ಮ ಪುಡಿಯೂ ಸೇರಿದರೆ ಅದು ಎಣ್ಣೆಯಾಗಿ ಉಳಿಯದೆ ಉಕ್ಕನ್ನೇ ಅರೆಯುವ ಲೇಪವಾಗುತ್ತದೆ.

ಮುಖ್ಯವಾದ ಮಾತು ಇದು: ಎಣ್ಣೆ ಒಣಗಿದ ದಿನವೇ ಗಡಿಯಾರ ನಿಲ್ಲುವುದಿಲ್ಲ. ಸ್ಪ್ರಿಂಗಿನ ಬಲ ಸಾಕಷ್ಟಿರುವುದರಿಂದ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಓಡುತ್ತಲೇ ಇರಬಹುದು. ಹಾಗೆ ಓಡುತ್ತಲೇ ಅಕ್ಷದ ತುದಿಗಳು ಸವೆದು ಗೀರು ಬೀಳುತ್ತವೆ. ಕೊನೆಗೆ ನಿಂತಾಗ ಬರಿಯ ಶುಚಿ ಮಾಡಿದರೆ ಸಾಲದು, ಭಾಗವನ್ನೇ ಬದಲಾಯಿಸಬೇಕು. ಆದ್ದರಿಂದಲೇ ದಿನವೂ ಬಳಸುವ ಕ್ರೋನೊಗ್ರಾಫನ್ನು ಸುಮಾರು 5ರಿಂದ 8 ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಬೇಕೆನ್ನುತ್ತಾರೆ. ವರ್ಷಾನುಗಟ್ಟಲೆ ಬೀರುವಿನಲ್ಲಿದ್ದ ಗಡಿಯಾರ ಸಿಕ್ಕರೆ, ಕೀ ಕೊಟ್ಟು ಓಡಿಸಿ ಸಂತೋಷಪಡುವ ಮೊದಲೇ ರಿಪೇರಿಯವರಲ್ಲಿಗೆ ಒಯ್ಯಿರಿ. ಬಳಸದಿದ್ದರೂ ಎಣ್ಣೆ ಒಣಗುತ್ತದೆ.

ರಿಪೇರಿಯವರ ಮೇಜಿನ ಮೇಲೆ

ಸರ್ವಿಸ್ ಎಂದರೆ ಮುಚ್ಚಳ ತೆಗೆದು ಒಂದೆರಡು ಹನಿ ಎಣ್ಣೆ ಬಿಡುವುದಲ್ಲ. ಹಳೆಯ ಕೊಳೆಯ ಮೇಲೆ ಹೊಸ ಎಣ್ಣೆ ಬಿಟ್ಟರೆ ಕೊಳೆ ಇನ್ನಷ್ಟು ಒಳಗಿಳಿಯುತ್ತದೆ, ಅಷ್ಟೆ.

ಬಲ್ಲವರು ಮೊದಲು ಸುತ್ತಿಕೊಂಡಿರುವ ಸ್ಪ್ರಿಂಗಿನ ಬಲವನ್ನು ನಿಧಾನವಾಗಿ ಇಳಿಸುತ್ತಾರೆ. ಇಲ್ಲದಿದ್ದರೆ ಭಾಗ ಬಿಚ್ಚಿದೊಡನೆ ಚಕ್ರಗಳು ಗಿರ್ರನೆ ತಿರುಗಿ ಹಲ್ಲು ಮುರಿದುಕೊಳ್ಳಬಹುದು. ನಂತರ ಮೇಲಂತಸ್ತನ್ನು, ಆಮೇಲೆ ಕೆಳ ಅಂತಸ್ತನ್ನು ಬಿಚ್ಚುತ್ತಾರೆ. ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ನೋಡಲು ಒಂದೇ ತೆರನಾದ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದನೆಯದನ್ನು ಗಿಡ್ಡನೆಯದರ ಜಾಗದಲ್ಲಿ ಬಿಗಿದರೆ ಅದರ ತುದಿ ಕೆಳಗಿನ ಚಕ್ರವನ್ನು ತಡೆಯುತ್ತದೆ.

ಭಾಗಗಳನ್ನು ದ್ರಾವಣದಲ್ಲಿ ತೊಳೆದು, ಬೇರೆ ದ್ರವದಲ್ಲಿ ಜಾಲಿಸಿ, ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಕಲ್ಲಿನ ರಂಧ್ರಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ತಿಕ್ಕುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಪ್ಯಾಲೆಟ್ ಕವಲಿನ ಎರಡು ಪುಟ್ಟ ಮಾಣಿಕ್ಯದ ಕಲ್ಲುಗಳನ್ನು ಅಂಟಿಸಿರುವುದು ಅರಗಿನಿಂದ! ಮಹಾಭಾರತದ ಅರಗಿನ ಮನೆಯ ಅದೇ ಅರಗು, ನಮ್ಮ ದೇಶದ ಕಾಡುಗಳಲ್ಲಿ ಕೀಟಗಳು ಸ್ರವಿಸುವ ಅರಗು. ಇದು ಆಲ್ಕೊಹಾಲಿನಲ್ಲಿ ಕರಗುತ್ತದೆ. ತಿಳಿಯದವರು ಕವಲನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಕಲ್ಲುಗಳು ಕಳಚಿಬೀಳುತ್ತವೆ.

ಒಂದೇ ಗಡಿಯಾರಕ್ಕೆ ಹಲವು ಬಗೆಯ ಎಣ್ಣೆ ಬೇಕು. ಭಾರ ಹೊತ್ತು ನಿಧಾನವಾಗಿ ತಿರುಗುವ ಅಕ್ಷಗಳಿಗೆ ಮಂದ ಎಣ್ಣೆ, ಹಗುರಾಗಿ ಬೇಗ ತಿರುಗುವವಕ್ಕೆ ತೆಳು ಎಣ್ಣೆ, ಉಕ್ಕಿನ ಸನ್ನೆಗಳು ಉಜ್ಜುವಲ್ಲಿ ಗ್ರೀಸು. ಎಣ್ಣೆ ಹಚ್ಚಬಾರದ ಜಾಗಗಳೂ ಇವೆ. ಚಕ್ರಗಳ ಹಲ್ಲಿಗೆ ಹಚ್ಚಬಾರದು, ಹೇರ್‌ಸ್ಪ್ರಿಂಗಿಗಂತೂ ತಾಗಲೇಬಾರದು. ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದಂತಾಗಿ ಗಡಿಯಾರ ಹುಚ್ಚುಹುಚ್ಚಾಗಿ ಮುಂದೋಡುತ್ತದೆ.

ಕ್ರೋನೊಗ್ರಾಫಿನ ನಿಜವಾದ ಕಷ್ಟ ಬರುವುದು ಮರುಜೋಡಣೆಯಲ್ಲಿ. ನಡುಚಕ್ರ ಸರಿದು ಬಂದು ಹಲ್ಲಿಗೆ ಹಲ್ಲು ಸೇರಿಸುತ್ತದೆಯೆಂದು ಹೇಳಿದೆನಲ್ಲ, ಅದು ಎಷ್ಟು ಆಳಕ್ಕೆ ಸೇರಬೇಕು? ಹೆಚ್ಚು ಆಳಕ್ಕಿಳಿದರೆ ಘರ್ಷಣೆ ಹೆಚ್ಚಿ, ಗುಂಡಿ ಒತ್ತಿದೊಡನೆ ಗಡಿಯಾರವೇ ಸೊರಗುತ್ತದೆ. ಕಡಿಮೆಯಾದರೆ ಹಲ್ಲು ಜಾರಿ ಮುಳ್ಳು ತಡವರಿಸುತ್ತದೆ. ಇದನ್ನು ಹೊಂದಿಸಲು ಕೇಂದ್ರ ತಪ್ಪಿಸಿ ಮಾಡಿದ ವಿಶೇಷ ಸ್ಕ್ರೂಗಳಿವೆ. ಅವು ಯಾವ ಭಾಗವನ್ನೂ ಬಿಗಿದಿಡುವುದಿಲ್ಲ, ತಿರುಗಿಸಿದರೆ ಹೊಂದಾಣಿಕೆ ಬದಲಾಗುತ್ತದೆ. ಸಾಮಾನ್ಯ ಸ್ಕ್ರೂ ಎಂದು ಭಾವಿಸಿ ಯಾರಾದರೂ ಅವನ್ನೆಲ್ಲ ತಿರುಗಿಸಿಬಿಟ್ಟರೆ ಮತ್ತೆ ಸರಿಪಡಿಸಲು ಗಂಟೆಗಟ್ಟಲೆ ಬೇಕು. ಸಾಮಾನ್ಯ ಗಡಿಯಾರದ ಸರ್ವಿಸಿಗಿಂತ ಕ್ರೋನೊಗ್ರಾಫಿನದು ದುಬಾರಿಯಾಗುವುದು ಇದಕ್ಕೇ.

ಯಂತ್ರದ ನಾಡಿ

ಗಡಿಯಾರದ ಆರೋಗ್ಯ ತಿಳಿಯುವುದು ಹೇಗೆ? ವೈದ್ಯರಂತೆ ನಾಡಿ ನೋಡಬೇಕು. ಟೈಮಿಂಗ್ ಯಂತ್ರದ ಮೈಕ್ರೊಫೋನು ಬಡಿತದ ಸದ್ದನ್ನು ಕೇಳಿ ಮೂರು ಸಂಗತಿಗಳನ್ನು ತಿಳಿಸುತ್ತದೆ. ಮೊದಲನೆಯದು, ದಿನಕ್ಕೆ ಎಷ್ಟು ಸೆಕೆಂಡು ಹಿಂದು ಮುಂದು ಎಂಬುದು. ಎರಡನೆಯದು, 'ಟಿಕ್'ಗೂ 'ಟಾಕ್'ಗೂ ನಡುವಿನ ಅಂತರ ಸಮನಾಗಿದೆಯೇ ಎಂಬುದು. ಮೂರನೆಯದು, ಬ್ಯಾಲೆನ್ಸ್ ಚಕ್ರ ನಡುನೆಲೆಯಿಂದ ಎಷ್ಟು ಡಿಗ್ರಿ ಓಲಾಡುತ್ತಿದೆ ಎಂಬುದು. ನಿಮ್ಮ ಭೌತಶಾಸ್ತ್ರದ ಪುಸ್ತಕದ ಮಾತಿನಲ್ಲಿ ಇದು ಆಂದೋಲನದ ಪಾರ.

ಪೂರ್ತಿ ಕೀ ಕೊಟ್ಟು ಮಲಗಿಸಿಟ್ಟ ಆರೋಗ್ಯವಂತ ಗಡಿಯಾರದಲ್ಲಿ ಪಾರ ಸುಮಾರು 270ರಿಂದ 300 ಡಿಗ್ರಿ ಇರುತ್ತದೆ. ನಿಲ್ಲಿಸಿ ಹಿಡಿದರೆ ಕೊಂಚ ಇಳಿಯುತ್ತದೆ. ಸ್ಟಾಪ್‌ವಾಚನ್ನು ಓಡಿಸಿದರೆ ಮತ್ತಷ್ಟು ಇಳಿಯುತ್ತದೆ, ಏಕೆಂದರೆ ಅದೇ ಸ್ಪ್ರಿಂಗು ಈಗ ಹೆಚ್ಚಿನ ಹೊರೆ ಹೊರಬೇಕು. ಪಾರ 200 ಡಿಗ್ರಿಗಿಂತ ಕೆಳಗಿಳಿದಿದ್ದರೆ, ಸಮಯ ಸರಿಯಾಗಿ ತೋರಿಸುತ್ತಿದ್ದರೂ, ಆ ಗಡಿಯಾರ ಬಳಲಿದೆ ಎಂದೇ ಅರ್ಥ. ಕಣ್ಣಿಗೆ ಕಾಣದ ಕಾಯಿಲೆ ಅಂಕಿಯಲ್ಲಿ ಕಾಣುವುದು ಹೀಗೆ.

ಮಿನುಗು ಆರಿದ ಡಯಲು

ಹಳೆಯ ಗಡಿಯಾರದಲ್ಲಿ ಹೊರಗಿನ ಲಕ್ಷಣ ಮೋಸಗೊಳಿಸುವ ಇನ್ನೊಂದು ಜಾಗ ಡಯಲು. ಇದು ನಿಮ್ಮ ಆರೋಗ್ಯದ ಮಾತು, ಗಮನವಿಟ್ಟು ಓದಿ.

1960ರ ದಶಕದವರೆಗೂ ಕತ್ತಲಲ್ಲಿ ಹೊಳೆಯುವ ಅಂಕಿ ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದ ಗಡಿಯಾರಗಳಿದ್ದವು. ಅಮೆರಿಕದ ನ್ಯೂಜೆರ್ಸಿಯಲ್ಲಿ ಈ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಹಲವರ ದವಡೆಯ ಮೂಳೆ ಕೊಳೆಯಿತು, ಹಲವರು ಸತ್ತರು. ಐವರು ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಇತ್ಯರ್ಥವಾಯಿತು.

ಇಂಥ ಡಯಲು ಇಂದು ಕತ್ತಲಲ್ಲಿ ಹೊಳೆಯದಿರಬಹುದು. ಅದು ರೇಡಿಯಂ ಮುಗಿದಿದ್ದರಿಂದಲ್ಲ, ಹೊಳೆಯುವ ಸತುವಿನ ಸಲ್ಫೈಡು ಕೆಟ್ಟಿರುವುದರಿಂದ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ! ಮುಚ್ಚಿದ ಗಡಿಯಾರದ ಗಾಜು ಆಲ್ಫಾ ಕಣಗಳನ್ನು ತಡೆಯುತ್ತದೆ. ದೊಡ್ಡ ಅಪಾಯವಿರುವುದು ಉದುರಿದ ಬಣ್ಣದ ಪುಡಿ ಉಸಿರಿನೊಂದಿಗೆ ಒಳಹೋದಾಗ. ಆದ್ದರಿಂದ ಹೊಳಪು ಬಣ್ಣವಿರುವ ಹಳೆಯ ಗಡಿಯಾರವನ್ನು ಕುತೂಹಲಕ್ಕಾಗಿಯೂ ಬಿಚ್ಚಬೇಡಿ, ಬಣ್ಣವನ್ನು ಕೆರೆಯಬೇಡಿ, ದಿಂಬಿನ ಕೆಳಗಿಟ್ಟು ಮಲಗಬೇಡಿ. ರಿಪೇರಿಗೆ ಕೊಡುವಾಗ ಅನುಮಾನವಿದೆಯೆಂದು ಮೊದಲೇ ಹೇಳಿ.

ಅಂಗಡಿಯಲ್ಲಿ ಇನ್ನೂ ಒಂದು ಮಾತು ಹೇಳಬೇಕು: ಕೇಳದೆ ಪಾಲಿಷ್ ಮಾಡಬೇಡಿ, ಡಯಲಿಗೆ ಹೊಸ ಬಣ್ಣ ಹಾಕಿಸಬೇಡಿ. ಪಾಲಿಷ್ ಎಂದರೆ ಲೋಹವನ್ನು ತಿಕ್ಕಿ ತೆಗೆಯುವುದು. ಕೇಸಿನ ಚೂಪಾದ ಅಂಚು ಒಮ್ಮೆ ಹೋದರೆ ಹೋಯಿತು. ಬದಲಾಯಿಸಿದ ಹಳೆಯ ಭಾಗಗಳನ್ನೂ ಕೇಳಿ ಪಡೆಯಿರಿ.

ಬಿಡಿಭಾಗ ಎಲ್ಲಿಂದ?

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಮುಂದಿನ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿದವು. ಝೆನಿತ್ ಕಂಪನಿಯಲ್ಲಿ, 1969ರಲ್ಲಷ್ಟೇ ಹೊರತಂದಿದ್ದ 'ಎಲ್ ಪ್ರಿಮೆರೊ' ಎಂಬ, ಸೆಕೆಂಡಿಗೆ 10 ಬಾರಿ ಬಡಿಯುವ ಕ್ರೋನೊಗ್ರಾಫಿನ ಅಚ್ಚುಗಳನ್ನು 1975ರಲ್ಲಿ ತೊಲಗಿಸಲು ಮಾಲೀಕರು ಆಜ್ಞೆ ಮಾಡಿದರು. ಚಾರ್ಲ್ಸ್ ವೆರ್ಮೊ ಎಂಬ ನೌಕರ ಅವನ್ನೆಲ್ಲ ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟು, ಏನೇನು ಎಲ್ಲೆಲ್ಲಿದೆ ಎಂದು ಬರೆದಿಟ್ಟರು. 1980ರ ದಶಕದಲ್ಲಿ ಅದೇ ಯಂತ್ರ ಮತ್ತೆ ತಯಾರಾಗಲು ಇದೇ ಆಧಾರವಾಯಿತು.

ಎಲ್ಲ ಯಂತ್ರಗಳಿಗೂ ಅಂಥ ಅಟ್ಟ ಸಿಗಲಿಲ್ಲ. ಎಷ್ಟೋ ಹಳೆಯ ಕ್ರೋನೊಗ್ರಾಫುಗಳ ಬಿಡಿಭಾಗಕ್ಕೆ ಇಂದು ಇರುವ ಮೂಲ ಒಂದೇ – ಕೆಟ್ಟುನಿಂತ ಅದೇ ಜಾತಿಯ ಇನ್ನೊಂದು ಗಡಿಯಾರ. ನಮ್ಮಲ್ಲೂ ಹಾಗೆಯೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ನಿಮ್ಮ ಅಜ್ಜನ 'ಜನತಾ' ಅಥವಾ 'ಪೈಲಟ್' ಕ್ರೋನೊಗ್ರಾಫ್ ಅಲ್ಲದಿರಬಹುದು. ಆದರೆ ಅದೂ ಗಂಟೆಗೆ 18,000 ಬಡಿಯುವ, ಕೀ ಕೊಡುವ ಯಂತ್ರವೇ. ಎಣ್ಣೆಯ ಲೆಕ್ಕ ಅದಕ್ಕೂ ಒಂದೇ.

ನಿಮ್ಮಿಂದಾಗುವ ಕೆಲಸ

ಒಳಗಿನ ಕೆಲಸ ಪಳಗಿದವರದು. ಹೊರಗಿನ ಆರೈಕೆ ನಿಮ್ಮದು.

ದಿನವೂ ಒಂದೇ ಹೊತ್ತಿಗೆ, ಗಡಿಯಾರವನ್ನು ಕೈಯಿಂದ ಬಿಚ್ಚಿ, ಕೀ ಕೊಡಿ. ಬಿಗಿ ಎನಿಸಿದೊಡನೆ ನಿಲ್ಲಿಸಿ.

ಸ್ಟಾಪ್‌ವಾಚು ಓಡುತ್ತಿರುವಾಗ ಸೊನ್ನೆಯ ಗುಂಡಿಯನ್ನು ಒತ್ತಬೇಡಿ. ಮೊದಲು ನಿಲ್ಲಿಸಿ, ಆಮೇಲೆ ಮರಳಿಸಿ. ಓಡುತ್ತಿರುವಾಗಲೇ ಮರಳಿಸುವಂತೆ ಕಟ್ಟಿದ ಗಡಿಯಾರಗಳು ಕೆಲವೇ. ಅಂದಕ್ಕಾಗಿ ಸ್ಟಾಪ್‌ವಾಚನ್ನು ಇಡೀ ದಿನ ಓಡಿಸಬೇಡಿ. ಆಗಾಗ ಕೆಲವು ನಿಮಿಷ ಬಳಸಿದರೆ ಸಾಕು.

ಹಳೆಯ ಗಡಿಯಾರಕ್ಕೆ ನೀರು ತಾಗಿಸಬೇಡಿ, ಡಬ್ಬಿಯ ಮೇಲೆ ಏನೇ ಬರೆದಿರಲಿ. ರಬ್ಬರಿನ ಬಳೆ ಕಾಲಕ್ರಮದಲ್ಲಿ ಸೆಟೆದುಹೋಗಿರುತ್ತದೆ. ಕರಾವಳಿಯ ಸೆಕೆಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಂಡರೆ ತಡಮಾಡದೆ ರಿಪೇರಿಗೆ ಕೊಡಿ. ತುಕ್ಕಿಗೆ ಕೆಲವೇ ದಿನ ಸಾಕು.

ಧ್ವನಿವರ್ಧಕ, ಅಯಸ್ಕಾಂತದ ಮುಚ್ಚಳವಿರುವ ಫೋನ್ ಚೀಲ ಇವುಗಳಿಂದ ದೂರವಿಡಿ. ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೋಡತೊಡಗಿದರೆ ಹೇರ್‌ಸ್ಪ್ರಿಂಗಿಗೆ ಕಾಂತತ್ವ ತಗುಲಿರಬಹುದು. ಅದನ್ನು ತೆಗೆಯಲು ರಿಪೇರಿಯವರಿಗೆ ಒಂದೆರಡು ನಿಮಿಷ ಸಾಕು.

ಕೊನೆಯದಾಗಿ ಒಂದು ಪ್ರಯೋಗ. ಹತ್ತು ದಿನ, ದಿನವೂ ಒಂದೇ ಹೊತ್ತಿಗೆ, ಗಡಿಯಾರವನ್ನು ನಿಖರ ಸಮಯಕ್ಕೆ ಹೋಲಿಸಿ ವ್ಯತ್ಯಾಸವನ್ನು ಬರೆದಿಡಿ. ರಾತ್ರಿ ಮಲಗಿಸಿಟ್ಟಾಗ ಎಷ್ಟು, ನಿಲ್ಲಿಸಿಟ್ಟಾಗ ಎಷ್ಟು ಎಂಬುದನ್ನೂ ಗುರುತಿಸಿ, ನಕ್ಷೆ ಎಳೆಯಿರಿ. ದಿನಕ್ಕೆ 86,400 ಸೆಕೆಂಡುಗಳಲ್ಲಿ 10 ಸೆಕೆಂಡು ತಪ್ಪಿದರೆ ಅದು ಹತ್ತು ಸಾವಿರದಲ್ಲಿ ಒಂದಕ್ಕಿಂತ ತುಸು ಹೆಚ್ಚಿನ ತಪ್ಪು ಮಾತ್ರ. ಐವತ್ತು ವರ್ಷದ ಯಂತ್ರಕ್ಕೆ ಇದು ಒಳ್ಳೆಯ ಅಂಕವೇ. ಆದರೆ ವ್ಯತ್ಯಾಸ ದಿನದಿಂದ ದಿನಕ್ಕೆ ಏರುಪೇರಾಗುತ್ತಿದ್ದರೆ, ಸರ್ವಿಸ್ ಮಾಡಿಸಿ ಎಷ್ಟು ವರ್ಷವಾಯಿತೆಂದು ಮನೆಯಲ್ಲಿ ಕೇಳಿ. ಯಾರಿಗೂ ನೆನಪಿಲ್ಲವಾದರೆ, ಗಡಿಯಾರ ಓಡುತ್ತಿರುವಾಗಲೇ, ನಿಮ್ಮ ಹತ್ತು ದಿನದ ನಕ್ಷೆಯೊಂದಿಗೆ ರಿಪೇರಿಯವರ ಬಳಿಗೆ ಹೋಗಿ. ಸರ್ವಿಸ್ ಆದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಡಬ್ಬಿಯಲ್ಲಿಡಿ. ಮುಂದೆ ಅದನ್ನು ಕಟ್ಟಿಕೊಳ್ಳುವವರಿಗೆ ಆ ಚೀಟಿ ಬೇಕಾಗುತ್ತದೆ.